ಮುಪ್ಪಿನ ಅನ್ನ ಮತ್ತು ಆಸರೆ: ಕರ್ನಾಟಕದಲ್ಲಿ ವೃದ್ಧರ ಪೋಷಣೆಯ ಚಾರಿತ್ರಿಕ ಅವಲೋಕನ

ಪ್ರಸ್ತಾವನೆ

ಕರ್ನಾಟಕದ ಆಹಾರ ಚರಿತ್ರೆಯನ್ನು ಕುರಿತ ಅಧ್ಯಯನಗಳು ಹೆಚ್ಚಾಗಿ ಬೆಳೆ, ಕಂದಾಯ, ಬರ ಮತ್ತು ದೇವಾಲಯದ ನೈವೇದ್ಯಗಳ ಸುತ್ತ ಬೆಳೆದಿವೆ. ಕುಟುಂಬವನ್ನು ಕುರಿತ ಅಧ್ಯಯನಗಳು ಆಸ್ತಿ, ವಿವಾಹ ಮತ್ತು ವಿಭಾಗಗಳಿಗೆ ಒತ್ತು ಕೊಟ್ಟಿವೆ. ಈ ಎರಡು ಧಾರೆಗಳ ನಡುವೆ ಒಂದು ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ದುಡಿಯುವ ಶಕ್ತಿ ಕುಗ್ಗಿದ ಮೇಲೆ ಮನುಷ್ಯನಿಗೆ ಅನ್ನ ಯಾರಿಂದ ದೊರೆಯುತ್ತಿತ್ತು? ಯಾವ ಸಂಬಂಧದ ಆಧಾರದ ಮೇಲೆ ದೊರೆಯುತ್ತಿತ್ತು? ಆತ ಯಾರ ಜೊತೆ ಕುಳಿತು ಉಣ್ಣುತ್ತಿದ್ದ? 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ 60 ವರ್ಷ ದಾಟಿದವರ ಪ್ರಮಾಣ ಸುಮಾರು ಶೇ. 9.5 ಆಗಿತ್ತು. ಈ ಪ್ರಮಾಣ ಏರುತ್ತಲೇ ಇರುವುದರಿಂದ ಈ ಪ್ರಶ್ನೆಗೆ ಚಾರಿತ್ರಿಕ ಮಹತ್ವದ ಜೊತೆಗೆ ಪ್ರಸ್ತುತತೆಯೂ ಇದೆ.

ವೃದ್ಧರ ಜೀವನದ ಗುಣಮಟ್ಟವನ್ನು ಪೌಷ್ಟಿಕ ಆಹಾರ ಮತ್ತು ಸಾಮಾಜಿಕ ಸಂಬಂಧಗಳೆರಡೂ ನಿರ್ಧರಿಸುತ್ತವೆ ಎಂಬುದು ಇಂದಿನ ವೈದ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರಗಳು ಒಪ್ಪಿರುವ ವಿಚಾರ. ಆದರೆ ಕರ್ನಾಟಕದ ಚಾರಿತ್ರಿಕ ಆಕರಗಳನ್ನು ಪರಿಶೀಲಿಸಿದಾಗ ಇವೆರಡೂ ಬೇರೆ ಬೇರೆ ಅಂಶಗಳಾಗಿ ತೋರುವುದಿಲ್ಲ. ವೃದ್ಧರ ಅನ್ನವು ಸಂಬಂಧದ ಮೂಲಕವೇ ಬರುತ್ತಿತ್ತು. ಸಂಬಂಧ ಕಡಿದವರಿಗೆ ಮಾತ್ರ ಸಾರ್ವಜನಿಕ ಅನ್ನದ ಬಾಗಿಲು ತೆರೆಯುತ್ತಿತ್ತು. ಆಧುನಿಕ ಪ್ರಭುತ್ವವೂ ಇದೇ ತರ್ಕವನ್ನು ಮುಂದುವರಿಸಿತು. ಧಾನ್ಯ ಮತ್ತು ಹಣವನ್ನು ತಾನು ಕೊಟ್ಟು, ಬೇಯಿಸುವ, ಬಡಿಸುವ, ಜೊತೆಗಿರುವ ಹೊಣೆಯನ್ನು ಮನೆಗೇ ಬಿಟ್ಟಿತು. ಆ ಮನೆಯೇ ಬದಲಾದಾಗ ಉಂಟಾದ ಕೊರತೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರ ಮತ್ತು ಶಾಸನಗಳ ಸಾಕ್ಷ್ಯ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಮುಂದೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬ ಕಾನೂನಿನ ಆಧಾರವಾಯಿತು. ವೃದ್ಧ ತಾಯಿತಂದೆಗಳು, ಸಾಧ್ವಿಯಾದ ಪತ್ನಿ ಮತ್ತು ಎಳೆಯ ಮಗು, ಈ ಮೂವರ ಪೋಷಣೆ ಎಂಥ ಸಂಕಟದಲ್ಲೂ ಬಿಡಬಾರದ ಕರ್ತವ್ಯವೆಂಬ ಸ್ಮೃತಿವಚನವನ್ನು ಅದು ಎತ್ತಿಹಿಡಿಯುತ್ತದೆ. ಬ್ರಿಟಿಷರ ಕಾಲದ ನ್ಯಾಯಾಲಯಗಳು ಇದನ್ನು ಪಿತ್ರಾರ್ಜಿತ ಆಸ್ತಿ ಇದ್ದರೂ ಇಲ್ಲದಿದ್ದರೂ ಅನ್ವಯಿಸುವ ವೈಯಕ್ತಿಕ ಹೊಣೆಯೆಂದು ಅರ್ಥೈಸಿದವು. ವೃದ್ಧರ ಅನ್ನದ ಹಕ್ಕು ಇಲ್ಲಿ ಮಗನೊಡನೆ ಇರುವ ಸಂಬಂಧದಿಂದ ಹುಟ್ಟುತ್ತದೆ. ಅರಸನೂ ಊರೂ ಅದರ ನೇರ ಹೊಣೆಗಾರರಲ್ಲ.

ಮನೆಯ ಹೊರಗಿನ ಅನ್ನದ ಬಗ್ಗೆ ಶಾಸನಗಳು ಹೇಳುವುದೇನು ಎಂಬುದನ್ನು ನೋಡಲು ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ ಉತ್ತಮ ನಿದರ್ಶನ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದ ಈ ಶಾಸನವು ಕಾಳಾಮುಖ ಯತಿಗಳ ಆ ಮಠವನ್ನು ವೇದ, ವ್ಯಾಕರಣ ಮತ್ತು ದರ್ಶನಗಳ ಅಧ್ಯಯನಸ್ಥಾನವಾಗಿ ವರ್ಣಿಸುತ್ತದೆ. ಅದರೊಡನೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಗಾಯಕರು, ವಾದ್ಯಗಾರರು, ನರ್ತಕರು ಮತ್ತು ನಾನಾ ಪಂಥಗಳ ಭಿಕ್ಷುಕರಿಗೆ ತಡೆಯಿಲ್ಲದೆ ಅನ್ನವಿಕ್ಕುವ ಸ್ಥಳವೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಳವೆಂದೂ ಅದು ಹೇಳುತ್ತದೆ. ಮಧ್ಯಕಾಲೀನ ಕರ್ನಾಟಕದ ಸಮಾಜಸೇವೆಗೆ ಉದಾಹರಣೆಯಾಗಿ ವಿದ್ವಾಂಸರು ಈ ಪಟ್ಟಿಯನ್ನು ಉಲ್ಲೇಖಿಸುತ್ತ ಬಂದಿದ್ದಾರೆ.

ಇಷ್ಟು ವಿಸ್ತಾರವಾದ ಪಟ್ಟಿಯಲ್ಲಿ ವೃದ್ಧರು ಪ್ರತ್ಯೇಕ ವರ್ಗವಾಗಿ ಕಾಣಿಸಿಕೊಳ್ಳುವುದಿಲ್ಲ ಎಂಬುದು ಗಮನಾರ್ಹ. ಆ ಕಾಲದಲ್ಲಿ ನಿರ್ಗತಿಕ ಮುದುಕರು ಇರಲಿಲ್ಲವೆಂದು ಇದರಿಂದ ತೀರ್ಮಾನಿಸುವಂತಿಲ್ಲ. ಅವರು ಆ ಪಟ್ಟಿಯ ದೀನರಲ್ಲಿ, ಅನಾಥರಲ್ಲಿ, ಕಣ್ಣು ಕಿವಿಗಳನ್ನು ಕಳೆದುಕೊಂಡವರಲ್ಲಿ ಸೇರಿರಬೇಕು. ಅನಾಥ ಎಂಬ ಪದಕ್ಕೆ ನಾಥನಿಲ್ಲದವನು ಎಂದರ್ಥ. ಅದು ವಯಸ್ಸನ್ನಾಗಲಿ ಹಸಿವನ್ನಾಗಲಿ ಹೇಳುವುದಿಲ್ಲ, ಸಂಬಂಧದ ಅಭಾವವನ್ನು ಹೇಳುತ್ತದೆ. ವೃದ್ಧಾಪ್ಯ ತಾನಾಗಿಯೇ ಸಾರ್ವಜನಿಕ ಅನ್ನಕ್ಕೆ ಅರ್ಹತೆಯಾಗಿರಲಿಲ್ಲ. ಆಸರೆ ಇಲ್ಲದ ವೃದ್ಧಾಪ್ಯ ಅರ್ಹತೆಯಾಗಿತ್ತು.

ಅನ್ನವನ್ನು ಬಿಡುವ ಸಂದರ್ಭದಲ್ಲಿಯೂ ಸಮುದಾಯದ ಪಾತ್ರವಿತ್ತು ಎಂಬುದಕ್ಕೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳು ಸಾಕ್ಷಿ. ಅಲ್ಲಿನ ಪ್ರಾಚೀನ ಶಾಸನಗಳಲ್ಲಿ ಬಹಳಷ್ಟು ಸಲ್ಲೇಖನ ವ್ರತವನ್ನು ಕುರಿತವು. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಈ ವ್ರತಕ್ಕೆ ತಕ್ಕ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ ಮತ್ತು ಗುಣವಾಗದ ರೋಗಗಳ ಜೊತೆ ಮುಪ್ಪನ್ನೂ ಸೇರಿಸುತ್ತದೆ. ವ್ರತಿಯು ಗುರುವಿನ ಅನುಮತಿ ಪಡೆದು, ಬಂಧುಗಳನ್ನು ಕ್ಷಮಿಸಿ ಅವರ ಕ್ಷಮೆಯನ್ನೂ ಬೇಡಿ, ಕ್ರಮಕ್ರಮವಾಗಿ ಆಹಾರವನ್ನು ಬಿಡುತ್ತಾನೆ. ಈ ಧಾರ್ಮಿಕ ಆಚರಣೆಯನ್ನು ಪೋಷಣೆಯ ಪ್ರಶ್ನೆಗೆ ಇಳಿಸುವುದು ಸಲ್ಲದು. ಆದರೂ ಮುಪ್ಪಿನಲ್ಲಿ ಆಹಾರವನ್ನು ಸ್ವೀಕರಿಸುವುದಾಗಲಿ ತ್ಯಜಿಸುವುದಾಗಲಿ ಒಂಟಿತನದಲ್ಲಿ ನಡೆಯುವ ಕ್ರಿಯೆಯಾಗಿರಲಿಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ.

ದಾಸೋಹ ಮತ್ತು ಹಂಗು

ಹನ್ನೆರಡನೆಯ ಶತಮಾನದ ಶರಣರು ಅನ್ನದ ಸಂಬಂಧವನ್ನು ಹೊಸದಾಗಿ ವ್ಯಾಖ್ಯಾನಿಸಿದರು. ಬಸವಣ್ಣನವರ ಪ್ರಸಿದ್ಧ ವಚನವೊಂದು ಮುಪ್ಪಿನ ದೇಹಲಕ್ಷಣಗಳನ್ನು ಒಂದೊಂದಾಗಿ ಎಣಿಸುತ್ತ, ಪರರ ಹಂಗಿಗೆ ಬೀಳುವ ಸ್ಥಿತಿಯನ್ನು ಅವುಗಳ ಸಾಲಿನಲ್ಲಿಯೇ ಇಡುತ್ತದೆ. ಹಂಗು ಎಂಬ ಈ ಪದವು ವೃದ್ಧರ ಪೋಷಣೆಯ ಚರ್ಚೆಗೆ ಕನ್ನಡವು ಕೊಟ್ಟಿರುವ ಮುಖ್ಯ ಪರಿಕಲ್ಪನೆಯಾಗಿದೆ. ತಟ್ಟೆಯಲ್ಲಿ ಬಿದ್ದ ಅನ್ನದ ಪ್ರಮಾಣ ಒಂದೇ ಆಗಿದ್ದರೂ ಹಂಗಿನಲ್ಲಿ ಉಣ್ಣುವುದಕ್ಕೂ ಅಧಿಕಾರದಿಂದ ಉಣ್ಣುವುದಕ್ಕೂ ಅಂತರವಿದೆ ಎಂಬುದನ್ನು ಅದು ಸೂಚಿಸುತ್ತದೆ.

ದಾಸೋಹದ ಕಲ್ಪನೆಯು ಈ ಹಂಗನ್ನು ನಿವಾರಿಸುವ ಒಂದು ಪ್ರಯತ್ನವಾಗಿ ಕಾಣುತ್ತದೆ. ಕಾಯಕದಿಂದ ಬಂದುದನ್ನು ಸಮರ್ಪಿಸಿ ಪ್ರಸಾದವಾಗಿ ಸ್ವೀಕರಿಸಿದಾಗ ಕೊಡುವವನು ದಾತನೆನಿಸಿಕೊಳ್ಳುವುದಿಲ್ಲ, ಉಣ್ಣುವವನು ಭಿಕ್ಷುಕನೆನಿಸಿಕೊಳ್ಳುವುದಿಲ್ಲ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವುದರಿಂದ ಅನ್ನದ ಜೊತೆ ಸಹವಾಸವೂ ದೊರೆಯುತ್ತದೆ. ನಾಡಿನ ಹಲವು ಮಠಗಳು ಈ ಪರಂಪರೆಯನ್ನು ಇಂದಿಗೂ ಉಳಿಸಿಕೊಂಡಿವೆ. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹವು ವಿದ್ಯಾರ್ಥಿಗಳ ಜೊತೆಗೆ ಯಾತ್ರಿಕರಿಗೂ ಅನ್ನ ನೀಡುತ್ತ ಬಂದಿದೆ. ಆದರೆ ದಾಸೋಹವು ಬಹುಮಟ್ಟಿಗೆ ನಡೆದು ಬರಬಲ್ಲವರಿಗೆ ದೊರೆಯುವ ಅನ್ನ. ಹಳ್ಳಿಯ ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರಿಗೆ ಅದು ತಲುಪಲಾರದು.

ಮನೆಯ ಊಟ

ವೃದ್ಧರಲ್ಲಿ ಹೆಚ್ಚಿನವರು ಉಂಡದ್ದು ಮನೆಯಲ್ಲಿ. ದಕ್ಷಿಣದ ಬಯಲುಸೀಮೆಯಲ್ಲಿ ರಾಗಿ, ಉತ್ತರದಲ್ಲಿ ಜೋಳ, ಮಲೆನಾಡು ಮತ್ತು ಕರಾವಳಿಗಳಲ್ಲಿ ಅಕ್ಕಿ ಮುಖ್ಯ ಆಹಾರವಾಗಿದ್ದವು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸ ಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಈ ಭಾಗದ ದುಡಿಯುವ ಜನರ ಆಹಾರದಲ್ಲಿ ರಾಗಿಗಿದ್ದ ಸ್ಥಾನವನ್ನು ವಿವರವಾಗಿ ದಾಖಲಿಸಿದ್ದಾನೆ. ಹಗೇವುಗಳಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ರಾಗಿ ಬರಗಾಲದ ಆಧಾರವೂ ಆಗಿತ್ತು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತದೊಡನೆ ವಾದಕ್ಕಿಳಿಯುವ ರಾಗಿಗೆ ನರೆದಲೆಗ ಎಂಬ ಹೆಸರಿದೆ. ಅದರಲ್ಲಿ ನರೆತ ತಲೆಯ ಧ್ವನಿಯಿದೆ. ಸೆರೆಯಲ್ಲಿಟ್ಟು ಪರೀಕ್ಷಿಸಿದಾಗ ಬಾಡದೆ ಉಳಿದ ಧಾನ್ಯಕ್ಕೆ ಗೌರವ ಸಲ್ಲುವ ಈ ಕೃತಿಯನ್ನು ಕೀಳೆನಿಸಿದ ಜನವರ್ಗದ ಪರವಾದ ವಾದವೆಂದು ವಿಮರ್ಶಕರು ಓದಿದ್ದಾರೆ.

ಪೌಷ್ಟಿಕತೆಯ ದೃಷ್ಟಿಯಿಂದಲೂ ರಾಗಿ ಮುಪ್ಪಿಗೆ ಒಗ್ಗುವ ಧಾನ್ಯ. ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದೇ ಸಂಸ್ಥೆಯ 2017ರ ಕೋಷ್ಟಕಗಳು 364 ಮಿಲಿಗ್ರಾಂ ಎನ್ನುತ್ತವೆ. ಅಕ್ಕಿಯಲ್ಲಿರುವುದಕ್ಕಿಂತ ಇದು ಅನೇಕ ಪಟ್ಟು ಹೆಚ್ಚು. ಮೊಳಕೆ ಕಟ್ಟಿದಾಗ ಫೈಟೇಟ್ ಅಂಶ ಕಡಿಮೆಯಾಗಿ ಖನಿಜಾಂಶಗಳು ದೇಹಕ್ಕೆ ಸುಲಭವಾಗಿ ದಕ್ಕುತ್ತವೆ. ಅಗಿಯದೆ ನುಂಗುವ ಮುದ್ದೆ, ಕುಡಿಯುವ ಅಂಬಲಿ ಮತ್ತು ಗಂಜಿ ಹಲ್ಲಿಲ್ಲದವರಿಗೂ ಅನುಕೂಲವಾದವು. ಆದರೆ ಮುದ್ದೆಯೊಂದೇ ಪೂರ್ಣ ಆಹಾರವಲ್ಲ. 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಹುರುಳಿ, ಅವರೆ, ಸೊಪ್ಪು, ಹಾಲು, ಮಾಂಸಗಳು ಆ ಕೊರತೆಯನ್ನು ತುಂಬಬೇಕು. ಮನೆಯಲ್ಲಿ ಪದಾರ್ಥ ಕಡಿಮೆಯಾದಾಗ ಯಾರ ತಟ್ಟೆಗೆ ಕಾಳು, ಯಾರ ತಟ್ಟೆಗೆ ಬರೀ ತಿಳಿ ಎಂಬುದು ಬಡಿಸುವ ಕೈಯ ನಿರ್ಧಾರ. ವೃದ್ಧರ ಪೋಷಣೆ ಮನೆಯೊಳಗಿನ ಸಂಬಂಧದ ಪ್ರಶ್ನೆಯಾಗುವುದು ಇಲ್ಲಿಯೇ.

ಈ ಸಂಬಂಧ ಎಲ್ಲ ವೃದ್ಧರಿಗೂ ಸಮಾನವಾಗಿರಲಿಲ್ಲ. ಮನೆಯ ಯಜಮಾನನಾಗಿದ್ದ ಮುದುಕನಿಗೆ ಮೊದಲ ಪಂಕ್ತಿಯ ಊಟ ಸಲ್ಲುತ್ತಿತ್ತು. ಮೇಲ್ಜಾತಿಗಳ ವಿಧವೆಗೆ ಒಪ್ಪೊತ್ತಿನ ಊಟ, ಏಕಾದಶಿಯ ಉಪವಾಸ ಮತ್ತು ಹಲವು ಪದಾರ್ಥಗಳ ನಿಷೇಧ ಜೀವನಪರ್ಯಂತ ಇದ್ದವು. ಬಾಲ್ಯದಲ್ಲೇ ವಿಧವೆಯಾದವಳು ವೃದ್ಧಾಪ್ಯಕ್ಕೆ ಬರುವ ಹೊತ್ತಿಗೆ ಹಲವು ದಶಕಗಳ ಆಹಾರ ನಿರ್ಬಂಧವನ್ನು ಹೊತ್ತಿರುತ್ತಿದ್ದಳು. ಎಂ.ಕೆ. ಇಂದಿರಾ ಅವರ ಫಣಿಯಮ್ಮ (1976) ಕಾದಂಬರಿಯು ಅಂಥ ಒಂದು ನಿಜ ಬದುಕನ್ನು ಆಧರಿಸಿದುದು. ಅದರ ನಾಯಕಿ ಮಿತಾಹಾರದಲ್ಲಿದ್ದೂ ದೀರ್ಘಕಾಲ ಬಾಳುತ್ತಾಳೆ. ಬಾಣಂತನ ಮೊದಲಾದ ಕೆಲಸಗಳಲ್ಲಿ ಊರಿಗೆ ಬೇಕಾದವಳಾಗಿಯೂ ಇರುತ್ತಾಳೆ. ಒಂದು ಕಾದಂಬರಿಯಿಂದ ಸಾಮಾನ್ಯ ನಿಯಮವನ್ನು ಕಟ್ಟಲಾಗದು. ಆದರೆ ಊರಿಗೆ ಬೇಡವಾಗಿ, ಮನೆಯ ಮೂಲೆಯಲ್ಲಿ ಉಳಿದ ವಿಧವೆಯರ ಸ್ಥಿತಿಗೂ ಈಕೆಯ ಸ್ಥಿತಿಗೂ ಇರುವ ವ್ಯತ್ಯಾಸ ವಿಚಾರಣೀಯ. ಕಾನೂನಿನ ಮಟ್ಟದಲ್ಲಿ 1933ರ ಮೈಸೂರು ಹಿಂದೂ ಮಹಿಳೆಯರ ಹಕ್ಕುಗಳ ಅಧಿನಿಯಮವು ವಿಭಾಗದ ಸಂದರ್ಭದಲ್ಲಿ ತಾಯಿ ಮತ್ತು ವಿಧವೆಯರಿಗೆ ಪಾಲನ್ನು ಒದಗಿಸಿ, ಕೇವಲ ಅಶನಾರ್ಥದ ಹಂಗಿನಿಂದ ಅವರನ್ನು ಸ್ವಲ್ಪಮಟ್ಟಿಗೆ ಪಾರುಮಾಡಿತು.

ಮನೆಯ ಹೊರಗೆ ಜಗಲಿ, ಅರಳಿಕಟ್ಟೆ, ದೇವಸ್ಥಾನದ ಅಂಗಳಗಳು ವೃದ್ಧರ ಒಡನಾಟದ ತಾಣಗಳಾಗಿದ್ದವು. ಹಲ್ಲು ಬಿದ್ದ ಮೇಲೆ ಎಲೆ ಅಡಿಕೆಯನ್ನು ಕುಟ್ಟಿಕೊಳ್ಳಲು ಬಳಸುತ್ತಿದ್ದ ಕುಟ್ಟಾಣಿ ಈ ಒಡನಾಟದ ಸಣ್ಣ ಸಾಕ್ಷಿ. ಎಲೆ ಅಡಿಕೆ ಹಂಚಿಕೊಳ್ಳುವ ಬಳಗದಿಂದ ಮುಪ್ಪು ತಮ್ಮನ್ನು ಹೊರಗಿಡದಂತೆ ವೃದ್ಧರು ಕಂಡುಕೊಂಡ ಉಪಾಯವದು.

ಧಾತು ಬರದ ಪಾಠ

ಸಂಬಂಧದ ಮೂಲಕ ಬರುವ ಅನ್ನವು ಎಷ್ಟು ದುರ್ಬಲ ಆಧಾರವಾಗಬಲ್ಲದು ಎಂಬುದನ್ನು 1876–78ರ ಮಹಾಕ್ಷಾಮ ತೋರಿಸಿತು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಜನ ಇದನ್ನು ಧಾತು ಈಶ್ವರ ಬರ ಎಂದು ನೆನಪಿಟ್ಟುಕೊಂಡರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ಹಗೇವುಗಳು ಬರಿದಾದಾಗ ಕುಟುಂಬಗಳು ಚದುರಿದವು. ಗಟ್ಟಿಮುಟ್ಟಾದವರು ಕೆಲಸ ಹುಡುಕಿಕೊಂಡು ಹೊರಟಾಗ ನಡೆಯಲಾರದವರು ಹಿಂದುಳಿಯುವುದು ಅನಿವಾರ್ಯವಾಗಿತ್ತು.

ಸರ್ಕಾರ ಪರಿಹಾರ ಕಾಮಗಾರಿಗಳನ್ನು ಆರಂಭಿಸಿತು. ದುಡಿಯಲಾರದವರಿಗಾಗಿ ಗಂಜಿಕೇಂದ್ರಗಳನ್ನು ತೆರೆಯಿತು. ಬೇರೆ ಜಾತಿಯವರು ಬೇಯಿಸಿದ ಅನ್ನವನ್ನು ಉಣ್ಣಲು ಒಪ್ಪದೆ ಹಿಂಜರಿದವರೂ ಇದ್ದರು. ಹಸಿವಿನ ತುದಿಯಲ್ಲಿಯೂ ಯಾರ ಕೈಯ ಅನ್ನ, ಯಾರ ಪಂಕ್ತಿ ಎಂಬ ಪ್ರಶ್ನೆ ಉಳಿದೇ ಇತ್ತು. 1880ರ ಕ್ಷಾಮ ಆಯೋಗದ ವರದಿ ಮತ್ತು ಅದನ್ನಾಧರಿಸಿದ 1883ರ ಕ್ಷಾಮ ಸಂಹಿತೆಗಳು ಉಚಿತ ಪರಿಹಾರಕ್ಕೆ ಅರ್ಹರಾದವರಲ್ಲಿ ವಯಸ್ಸು ಮತ್ತು ದೌರ್ಬಲ್ಯದಿಂದ ದುಡಿಯಲಾರದವರನ್ನು ಸೇರಿಸಿದವು. ಪೋಷಿಸಬಲ್ಲ ಮತ್ತು ಪೋಷಿಸಬೇಕಾದ ಬಂಧುಗಳು ಇಲ್ಲದಿರಬೇಕೆಂಬ ಷರತ್ತನ್ನೂ ಹಾಕಿದವು. ಕೋಡಿಯಮಠದ ಶಾಸನದ ಅನಾಥ ಎಂಬ ಪದ ಏಳು ಶತಮಾನಗಳ ಬಳಿಕ ಆಡಳಿತದ ಭಾಷೆಯಲ್ಲಿ ಮರುಹುಟ್ಟು ಪಡೆದಂತಾಯಿತು.

ಕುಟುಂಬದಿಂದ ಹೊರಗೆ ವೃದ್ಧರಿಗಾಗಿಯೇ ಮೀಸಲಾದ ಸಂಸ್ಥೆಗಳು ವಸಾಹತು ಕಾಲದಲ್ಲಿ ಕಾಣಿಸಿಕೊಂಡವು. ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಸಂನ್ಯಾಸಿನಿಯರು 1900ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ವೃದ್ಧಾಶ್ರಮ ಅವುಗಳಲ್ಲಿ ಮುಖ್ಯವಾದುದು. ಅನ್ನವನ್ನು ಊರಿನವರಿಂದ ಬೇಡಿ ತಂದು, ವೃದ್ಧರೊಡನೆ ಒಂದೇ ಮನೆಯವರಂತೆ ಬಾಳುವುದು ಆ ಪಂಥದ ಕ್ರಮ.

ಒಲೆ ಬೇರೆಯಾದ ಮೇಲೆ

ಇಪ್ಪತ್ತನೆಯ ಶತಮಾನದಲ್ಲಿ ಗ್ರಾಮೀಣ ಕುಟುಂಬದ ಸ್ವರೂಪ ಬದಲಾಯಿತು. ಕೃಷ್ಣರಾಜಸಾಗರದ ನಾಲೆಗಳು ಮಂಡ್ಯ ಸೀಮೆಗೆ ನೀರು ತಂದಾಗ ರಾಗಿಯ ಹೊಲಗಳಲ್ಲಿ ಭತ್ತ ಮತ್ತು ಕಬ್ಬು ಬೆಳೆದವು. 1950ರ ದಶಕದಲ್ಲಿ ಈ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ನಡೆಸಿ 1962ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದ ಸ್ಕಾರ್ಲೆಟ್ ಎಪ್‌ಸ್ಟೀನ್, ನಗದು ಬೆಳೆಯೊಡನೆ ಅವಿಭಕ್ತ ಕುಟುಂಬಗಳು ಒಡೆದುದನ್ನು ದಾಖಲಿಸಿದರು. 1970ರಲ್ಲಿ ಮರಳಿ ಬಂದಾಗ, ಮನೆಗಳು ಬೇರೆಯಾದರೂ ಆದಾಯ ವೆಚ್ಚಗಳನ್ನು ಹಂಚಿಕೊಳ್ಳುವ ಹೊಸ ಬಗೆಯ ಕುಟುಂಬ ವ್ಯವಸ್ಥೆಯನ್ನೂ ಗುರುತಿಸಿದರು. ಆದ್ದರಿಂದ ಅವಿಭಕ್ತ ಕುಟುಂಬದ ಒಡೆಯುವಿಕೆ ಎಂದರೆ ಸಂಬಂಧಗಳ ಸಂಪೂರ್ಣ ನಾಶವೆಂದು ಭಾವಿಸಬೇಕಾಗಿಲ್ಲ.

ಆದರೆ ಒಲೆ ಬೇರೆಯಾದಾಗ ವೃದ್ಧರ ಊಟದ ವ್ಯವಸ್ಥೆಯನ್ನು ಹೊಸದಾಗಿ ಗೊತ್ತುಪಡಿಸಬೇಕಾಗುತ್ತಿತ್ತು. ಪಾಲಿನ ಸಮಯದಲ್ಲಿ ತಂದೆತಾಯಿಗಳ ಜೀವನಾಂಶಕ್ಕೆಂದು ತುಂಡು ಭೂಮಿಯನ್ನು ಉಳಿಸಿಕೊಳ್ಳುವುದು ಒಂದು ಕ್ರಮ. ಮಕ್ಕಳ ಮನೆಗಳಲ್ಲಿ ತಿಂಗಳ ಸರದಿಯಂತೆ ಉಣ್ಣುವುದು ಇನ್ನೊಂದು ಕ್ರಮ. ತಂದೆ ಒಬ್ಬ ಮಗನಲ್ಲಿ, ತಾಯಿ ಮತ್ತೊಬ್ಬನಲ್ಲಿ ಇರುವಂತೆ ಹಂಚಿಕೊಳ್ಳುವುದು ಮೂರನೆಯದು. ಮೊದಲನೆಯದರಲ್ಲಿ ವೃದ್ಧರ ಕೈಯಲ್ಲಿ ಅಧಿಕಾರ ಉಳಿಯುತ್ತದೆ, ಆದರೆ ದುಡಿಯುವ ಮತ್ತು ಬೇಯಿಸುವ ಕೈಗಳು ಬೇಕು. ಎರಡನೆಯದರಲ್ಲಿ ಊಟಕ್ಕೆ ತೊಂದರೆಯಿಲ್ಲ, ಆದರೆ ತನ್ನದೆನ್ನುವ ಒಲೆಯಿಲ್ಲ. ಮೂರನೆಯದು ಜೀವಮಾನದ ದಾಂಪತ್ಯವನ್ನು, ಅದರ ಆಸರೆ ಅತ್ಯಂತ ಅಗತ್ಯವಾದ ಕಾಲದಲ್ಲಿ ಮುರಿಯುತ್ತದೆ. ಲೆಕ್ಕಕ್ಕೆ ಮೂರರಲ್ಲಿಯೂ ವೃದ್ಧರು ಪೋಷಿತರೇ. ಜೀವನದ ಗುಣಮಟ್ಟದ ದೃಷ್ಟಿಯಿಂದ ಮೂರೂ ಬೇರೆ ಬೇರೆ.

ಪ್ರಭುತ್ವದ ನೆರವು: ಧಾನ್ಯ ಮತ್ತು ಹಣ

ಸ್ವಾತಂತ್ರ್ಯಾನಂತರದ ಕಾನೂನುಗಳು ಮಿತಾಕ್ಷರಾದ ಕರ್ತವ್ಯವನ್ನು ಶಾಸನಬದ್ಧ ಹಕ್ಕನ್ನಾಗಿ ಮಾಡಿದವು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ವೃದ್ಧ ತಂದೆತಾಯಿಗಳ ಪೋಷಣೆಯನ್ನು ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳ ಹೊಣೆಯನ್ನಾಗಿಯೂ ಮಾಡಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಪ್ರಕರಣವು ಈ ಹಕ್ಕನ್ನು ಧರ್ಮಾತೀತವಾಗಿ ವಿಸ್ತರಿಸಿತು. 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಪ್ರಕರಣ ಅದರ ಸ್ಥಾನದಲ್ಲಿದೆ. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮವು ಪ್ರತ್ಯೇಕ ನ್ಯಾಯಮಂಡಳಿಗಳನ್ನು ಸ್ಥಾಪಿಸಿ, ಆಹಾರ, ಬಟ್ಟೆ, ವಸತಿ ಮತ್ತು ವೈದ್ಯೋಪಚಾರಗಳನ್ನು ಜೀವನಾಂಶದ ಅಂಗಗಳಾಗಿ ಹೆಸರಿಸಿತು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದಾಗ ಮರಳಿ ಪಡೆಯುವ ಅವಕಾಶವನ್ನೂ ಕಲ್ಪಿಸಿತು.

ಇದಕ್ಕೆ ಸಮಾನಾಂತರವಾಗಿ ಸರ್ಕಾರದ ನೇರ ನೆರವೂ ಬೆಳೆಯಿತು. ಮೈಸೂರು ರಾಜ್ಯದಲ್ಲಿ 1960ರ ದಶಕದ ಮಧ್ಯಭಾಗದಲ್ಲಿ ವೃದ್ಧಾಪ್ಯ ವೇತನ ಆರಂಭವಾಯಿತು. 1995ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರವು 65 ವರ್ಷ ದಾಟಿದ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿ ಕೊಡತೊಡಗಿತು. ಸ್ವಂತ ಆದಾಯವಾಗಲಿ ಕುಟುಂಬದ ನೆರವಾಗಲಿ ಇರಬಾರದೆಂಬುದು ಇಲ್ಲಿಯೂ ಅರ್ಹತೆಯ ಅಳತೆಗೋಲಾಗಿತ್ತು. 2000ದಲ್ಲಿ ಬಂದ ಅನ್ನಪೂರ್ಣಾ ಯೋಜನೆ, ಅರ್ಹರಾಗಿದ್ದೂ ವೇತನ ದೊರೆಯದ ವೃದ್ಧರಿಗೆ ತಿಂಗಳಿಗೆ 10 ಕಿಲೋ ಧಾನ್ಯವನ್ನು ಉಚಿತವಾಗಿ ಗೊತ್ತುಪಡಿಸಿತು. 2007ರಲ್ಲಿ ಕರ್ನಾಟಕದ ಸಂಧ್ಯಾ ಸುರಕ್ಷಾ, 2013ರಲ್ಲಿ ಅನ್ನಭಾಗ್ಯ ಯೋಜನೆಗಳು ಬಂದವು. ಹಸಿವಿನ ತೀವ್ರತೆಯನ್ನು ತಗ್ಗಿಸಿದ ಈ ಕ್ರಮಗಳ ಮಹತ್ವವನ್ನು ಕಡೆಗಣಿಸುವಂತಿಲ್ಲ. ಅಂಚೆಯ ಮನಿಯಾರ್ಡರಿನ ಮೂಲಕ ವೇತನ ಬರುತ್ತಿದ್ದಾಗ ತಿಂಗಳಿಗೊಮ್ಮೆ ಅಂಚೆಯವನು ವೃದ್ಧರ ಮನೆಯ ಬಾಗಿಲಿಗೆ ಬಂದು ಮಾತನಾಡಿಸುತ್ತಿದ್ದ. ಬ್ಯಾಂಕ್ ಖಾತೆಗೆ ಹಣ ಜಮೆಯಾಗತೊಡಗಿದಾಗ ಸೋರಿಕೆ ತಡೆಯಲು ಅನುಕೂಲವಾಯಿತಾದರೂ ಆ ಭೇಟಿ ನಿಂತಿತು.

ಬೇಯಿಸಿದ ಅನ್ನದ ಯೋಜನೆಗಳ ಚರಿತ್ರೆ ಇದಕ್ಕಿಂತ ಭಿನ್ನವಾಗಿದೆ. ಶಾಲಾ ಮಕ್ಕಳ ಬಿಸಿಯೂಟ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ನಾಡಿಗೆಲ್ಲ ಹರಡಿತು. ಗರ್ಭಿಣಿ ಮತ್ತು ಬಾಣಂತಿಯರಿಗೆ 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಿತು. ಶರಣರ ದಾಸೋಹವೆಂಬ ಪದವನ್ನು ಮಕ್ಕಳ ಊಟಕ್ಕೆ ಬಳಸಿದ ಪ್ರಭುತ್ವವು ವೃದ್ಧರಿಗೆ ಕೊಟ್ಟದ್ದು ಮುಖ್ಯವಾಗಿ ಧಾನ್ಯ ಮತ್ತು ಹಣ. ನೆರೆಯ ತಮಿಳುನಾಡು 1982ರ ಪೌಷ್ಟಿಕ ಊಟದ ಯೋಜನೆಯನ್ನು 1983ರಲ್ಲಿಯೇ ವೃದ್ಧಾಪ್ಯ ವೇತನ ಪಡೆಯುವವರಿಗೂ ವಿಸ್ತರಿಸಿತು ಎಂಬುದು ಇಲ್ಲಿ ಹೋಲಿಸಿ ನೋಡಬೇಕಾದ ಸಂಗತಿ. ಅಕ್ಕಿಯನ್ನು ಅನ್ನವಾಗಿಸಲು ನೀರು, ಉರುವಲು ಮತ್ತು ನಡುಗದ ಕೈ ಬೇಕು. ಒಬ್ಬರಿಗಾಗಿ ಮೂರು ಹೊತ್ತು ಒಲೆ ಹಚ್ಚುವ ಉತ್ಸಾಹವೂ ಬೇಕು. ಒಂಟಿಯಾಗಿರುವ ವೃದ್ಧರು ಬೆಳಗ್ಗೆ ಮಾಡಿದ್ದನ್ನೇ ರಾತ್ರಿಗೂ ಇಟ್ಟುಕೊಂಡು ಸಾರಿಲ್ಲದೆ ಉಣ್ಣುವುದು ಹಳ್ಳಿ ಪೇಟೆಗಳೆರಡರಲ್ಲೂ ಕಾಣುವ ಸಂಗತಿ. ಪಡಿತರದ ಲೆಕ್ಕದಲ್ಲಿ ಇಂಥವರು ಆಹಾರ ಭದ್ರತೆ ಪಡೆದವರಾಗಿಯೇ ದಾಖಲಾಗುತ್ತಾರೆ.

ಆಧುನಿಕ ಸಂಶೋಧನೆಗಳ ಬೆಳಕಿನಲ್ಲಿ

ಇತ್ತೀಚಿನ ಅಧ್ಯಯನಗಳು ಈ ಚಾರಿತ್ರಿಕ ಚಿತ್ರಕ್ಕೆ ಪೂರಕವಾಗಿವೆ. ವಯಸ್ಸಾದಂತೆ ಹಸಿವೆ ಮತ್ತು ರುಚಿ ಕುಗ್ಗುತ್ತವೆ. ಜಠರದ ಆಮ್ಲ ಕಡಿಮೆಯಾಗಿ ಬಿ12 ಜೀವಸತ್ವದ ಹೀರಿಕೆ ತಗ್ಗುತ್ತದೆ. ಸ್ನಾಯುಗಳು ಕರಗುತ್ತವೆ. ಆದ್ದರಿಂದ ಕಡಿಮೆ ಉಣ್ಣುವ ವೃದ್ಧರ ಆಹಾರವು ಗುಣದಲ್ಲಿ ಹೆಚ್ಚಿನದಾಗಿರಬೇಕು. 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು 65 ವರ್ಷ ದಾಟಿದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ಸೂಚಿಸಿತು. ಧಾನ್ಯವನ್ನಷ್ಟೇ ನೆಚ್ಚಿದ ಊಟದಿಂದ ಇದು ದೊರೆಯುವುದು ಕಷ್ಟ.

ಸಾಮಾಜಿಕ ಸಂಬಂಧಗಳ ವಿಷಯದಲ್ಲಿ, ಜೂಲಿಯನ್ ಹೋಲ್ಟ್-ಲನ್‌ಸ್ಟಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಪ್ರಸಿದ್ಧವಾದುದು. ಬಲವಾದ ಸಂಬಂಧಗಳುಳ್ಳವರು ಬದುಕುಳಿಯುವ ಸಂಭವ ಶೇ. 50ರಷ್ಟು ಹೆಚ್ಚೆಂದು ಅದು ಕಂಡುಕೊಂಡಿತು. ಜಪಾನಿನ ವೃದ್ಧರನ್ನು ಕುರಿತ ದೊಡ್ಡ ಅಧ್ಯಯನವೊಂದು ನಮ್ಮ ಚರ್ಚೆಗೆ ಇನ್ನಷ್ಟು ಹತ್ತಿರವಾಗಿದೆ. ಮನೆಯಲ್ಲಿ ಇತರರೊಡನೆ ವಾಸವಿದ್ದೂ ಒಬ್ಬರೇ ಉಣ್ಣುವ ಪುರುಷರಲ್ಲಿ ಮರಣದ ಸಂಭವ ಹೆಚ್ಚಾಗಿತ್ತೆಂದು ಅದು ತೋರಿಸಿತು. ಇಂಥ ಅಧ್ಯಯನಗಳು ಕಾರಣವನ್ನು ಖಚಿತವಾಗಿ ಸಾಧಿಸುವುದಿಲ್ಲ. ಆರೋಗ್ಯ ಕೆಟ್ಟವರು ಬೇರೆಯಾಗಿ ಉಣ್ಣುವ ಸಾಧ್ಯತೆಯೂ ಇದೆ. ಆದರೂ ಮನೆಯಲ್ಲಿ ಜನರಿರುವುದು ಮತ್ತು ಜೊತೆಯಲ್ಲಿ ಉಣ್ಣುವುದು ಒಂದೇ ಅಲ್ಲವೆಂಬ ಅಂಶವು ಹಂಗಿನ ಅನ್ನವನ್ನು ಬಲ್ಲ ಕನ್ನಡ ಸಮಾಜಕ್ಕೆ ಹೊಸದಲ್ಲ.

ಉಪಸಂಹಾರ

ಹನ್ನೆರಡನೆಯ ಶತಮಾನದ ಮಠದಿಂದ ಇಂದಿನ ಪಡಿತರದವರೆಗೆ ಸಾರ್ವಜನಿಕ ಅನ್ನವು ವೃದ್ಧರನ್ನು ಸಂಬಂಧ ಕಡಿದವರೆಂಬ ನೆಲೆಯಲ್ಲಿ ಗುರುತಿಸುತ್ತ ಬಂದಿದೆ. ಸಂಬಂಧವಿದ್ದೂ ಅದು ಊಟದ ಹೊತ್ತಿಗೆ ಒದಗದ ವೃದ್ಧರು ಈ ಗುರುತಿನ ಹೊರಗೆ ಉಳಿದಿದ್ದಾರೆ. ಕುಟುಂಬವು ಹಿಂದೆ ಎಲ್ಲರನ್ನೂ ಚೆನ್ನಾಗಿ ಪೋಷಿಸುತ್ತಿತ್ತು ಎಂಬ ನಂಬಿಕೆಯನ್ನು ವಿಧವೆಯರ ಆಹಾರ ನಿರ್ಬಂಧಗಳೂ ಧಾತು ಬರದ ಅನುಭವವೂ ಪ್ರಶ್ನಿಸುತ್ತವೆ. ಹಣ ಮತ್ತು ಧಾನ್ಯಗಳು ಸಾಕೆಂಬ ಇಂದಿನ ನಂಬಿಕೆಯನ್ನು ಒಂಟಿ ಒಲೆಗಳು ಪ್ರಶ್ನಿಸುತ್ತವೆ.

ನಾಡಿನ ಪ್ರತಿ ಊರಿನಲ್ಲಿಯೂ ಇಂದು ಶಾಲೆಯ ಅಡುಗೆಮನೆ ಇಲ್ಲವೆ ಅಂಗನವಾಡಿ ಇದೆ. ವೃದ್ಧರಿಗೂ ಮಧ್ಯಾಹ್ನದ ಒಂದು ಪಂಕ್ತಿಯನ್ನು ಅಲ್ಲಿ ಸೇರಿಸುವ ಸಾಧ್ಯತೆಯನ್ನು ಪರಿಶೀಲಿಸಲು ಕರ್ನಾಟಕದ ದಾಸೋಹ ಪರಂಪರೆಯೂ ತಮಿಳುನಾಡಿನ ಅನುಭವವೂ ಆಧಾರ ಒದಗಿಸುತ್ತವೆ. ಸಂಶೋಧಕರಿಗೂ ಇಲ್ಲಿ ಕೆಲಸವಿದೆ. ಪಾಲುಪತ್ರಗಳಲ್ಲಿನ ಜೀವನಾಂಶದ ಷರತ್ತುಗಳು, ಮಠಗಳ ಕಡತಗಳು, ಕ್ಷಾಮದ ವರದಿಗಳು ಮತ್ತು ವೃದ್ಧರ ಮೌಖಿಕ ನೆನಪುಗಳನ್ನು ಒಟ್ಟಿಗೆ ಓದಬೇಕಾಗಿದೆ. ಮೊದಲ ಮೂರು ಆಕರಗಳು ಕಾಯಬಲ್ಲವು. ನಾಲ್ಕನೆಯದನ್ನು ಸಂಗ್ರಹಿಸಲು ಉಳಿದಿರುವ ಕಾಲ ಹೆಚ್ಚಿಲ್ಲ.